ಬೊಂಬೆಯೂರಿನಲ್ಲಿ ಒಂದು ಹಗಲು

ಸ್ವದೇಶೀ ವ್ರತದ ವಿಷಯವಾಗಿ ಈ ಸ್ತಂಭಗಳಲ್ಲಿ ನಾವು ಎಷ್ಟು ಸಲ ಬರೆದಿರುವೆವೋ ಲೆಕ್ಕವಿಟ್ಟಿಲ್ಲ. ಕುಶಲಕರ್ಮಿಗಳ ಕೈ ಬಲಗೊಳ್ಳದೆ ದೇಶವು ಬಲಗೊಳ್ಳಲಾರದೆಂದು ವಾಚಕರಿಗೆ ಉಪದೇಶಿಸುವುದು ನಮಗೆ ಅಭ್ಯಾಸವಾಗಿಹೋಗಿದೆ. ಆದರೆ ಉಪದೇಶವನ್ನು ಬರೆಯುವ ಕೈಯೇ ಅಂಗಡಿಯ ಮುಂದೆ ನಿಂತಾಗ ಹೇಗೆ ನಡೆದುಕೊಳ್ಳುವುದೆಂಬುದನ್ನು ಪರೀಕ್ಷಿಸಿಕೊಳ್ಳುವ ಪ್ರಸಂಗವೊಂದು ಇತ್ತೀಚೆಗೆ ನಮಗೆ ಒದಗಿತು. ಆ ಪರೀಕ್ಷೆಯಲ್ಲಿ ನಾವು ಮೊದಲ ಸಲಕ್ಕೆ ತೇರ್ಗಡೆಯಾಗಲಿಲ್ಲವೆಂಬುದನ್ನು ಒಪ್ಪಿಕೊಂಡೇ ಈ ಲೇಖನವನ್ನು ಆರಂಭಿಸುತ್ತೇವೆ.

ರಜೆಯ ದಿನವೊಂದನ್ನು ಯಾವ ಕಾರ್ಯಭಾರವೂ ಇಲ್ಲದೆ ಚನ್ನಪಟ್ಟಣದಲ್ಲಿ ಕಳೆಯಬೇಕೆಂದು ನಿಶ್ಚಯಿಸಿ ಬೆಳಗಿನ ರೈಲಿನಲ್ಲಿ ಹೊರಟೆವು. ಬೆಂಗಳೂರಿನಿಂದ ಮೈಸೂರಿನ ಕಡೆಗೆ ಸುಮಾರು 60 ಕಿಲೋಮೀಟರು ದೂರದಲ್ಲಿರುವ ಈ ಪಟ್ಟಣವನ್ನು ಬೊಂಬೆಗಳ ಊರೆಂದು ನಾಡೆಲ್ಲ ಬಲ್ಲದು. ನಾವೂ ಬಲ್ಲೆವು, ಎಂದರೆ, ಮೈಸೂರಿಗೆ ಹೋಗುವಾಗಲೂ ಬರುವಾಗಲೂ ಬಸ್ಸಿನ ಕಿಟಕಿಯಿಂದ ಅದರ ಸಾಲಂಗಡಿಗಳನ್ನು ಕಂಡಿದ್ದೆವು. ಒಂದು ಊರನ್ನು ಕಿಟಕಿಯಿಂದ ನೂರು ಸಲ ಕಂಡವನಿಗಿಂತಲೂ ಅದರ ಬೀದಿಯಲ್ಲಿ ಒಂದು ಸಲ ನಡೆದವನೇ ಅದನ್ನು ಹೆಚ್ಚಾಗಿ ಬಲ್ಲನೆಂಬುದು ಅಂದು ನಮಗೆ ಮನವರಿಕೆಯಾಯಿತು.

ಹಳೆಯ ಹೆದ್ದಾರಿಯ ಅಂಗಡಿಯೊಂದನ್ನು ಹೊಕ್ಕೆವು. ಒಳಗೆ ಕಾಲಿಟ್ಟವರನ್ನು ಮೊದಲು ಎದುರುಗೊಳ್ಳುವುದು ಬಣ್ಣ: ಅರಿಸಿನದ ಹಳದಿ, ಕುಂಕುಮದ ಕೆಂಪು, ಎಳೆಯ ಬಾಳೆಯೆಲೆಯ ಹಸುರು. ಬುಗುರಿಗಳು, ಗಿಲಕಿಗಳು, ದಾರ ಕಟ್ಟಿ ಎಳೆಯುವ ಕುದುರೆಗಳು, ಪುಟ್ಟ ರೈಲುಬಂಡಿಗಳು, ತಲೆಯಾಡಿಸುವ ಬೊಂಬೆಗಳು, ಹೆಣ್ಣುಮಕ್ಕಳು ಆಟದ ಅಡಿಗೆ ಮಾಡುವ ಒಲೆ ಪಾತ್ರೆಗಳು, ಚದುರಂಗದ ಕಾಯಿಗಳು, ಬಳೆಗಳು, ಕುಂಕುಮದ ಭರಣಿಗಳು, ಎಲ್ಲವೂ ಸಾಲುಸಾಲಾಗಿ ಕುಳಿತಿದ್ದುವು. ಕೈಗೆತ್ತಿಕೊಂಡರೆ ಎಲ್ಲಿಯೂ ಮೂಲೆಯಿಲ್ಲ, ಸಿಬಿರಿಲ್ಲ. ಎಳೆಯ ಮಗುವು ಬಾಯಿಗಿಟ್ಟುಕೊಂಡರೂ ತಾಯಿಯು ಗಾಬರಿಪಡಬೇಕಾದುದಿಲ್ಲ. ನಾವು ಒಂದು ಬುಗುರಿಯನ್ನೂ ಒಂದು ಎಳೆಯುವ ಕುದುರೆಯನ್ನೂ ಆರಿಸಿ, ಹೇಳಿದ ಬೆಲೆಗೆ ಹತ್ತು ರೂಪಾಯಿ ಕಡಿಮೆ ಮಾಡಬೇಕೆಂದು ಕೇಳಿದೆವು. ಕೊಳ್ಳುವವನ ಧರ್ಮವೇ ಅದೆಂಬಂತೆ ನಮ್ಮ ನಾಲಗೆಯು ತಾನಾಗಿಯೇ ಆ ಮಾತನ್ನಾಡಿತು. ಅಂಗಡಿಯವರು ಒಂದು ಗಳಿಗೆ ನಮ್ಮ ಮುಖವನ್ನು ನೋಡಿ, "ಆಗಲಿ ಸ್ವಾಮಿ, ಬೆಳಗಿನ ಬೋಣಿ, ತಗೊಳ್ಳಿ" ಎಂದು ಕೊಟ್ಟುಬಿಟ್ಟರು. ಗೆದ್ದ ಸಂತೋಷದಿಂದ ಹೊರಕ್ಕೆ ಬಂದೆವು.

ಹೊತ್ತು ಬೇಕಾದಷ್ಟಿದ್ದುದರಿಂದ, ಅಂಗಡಿಯವರೇ ಹೇಳಿದ ದಾರಿಯನ್ನು ಹಿಡಿದು, ಕುಶಲಕರ್ಮಿಗಳು ವಾಸಿಸುವ ಕಲಾನಗರದ ಕಡೆಗೆ ನಡೆದೆವು. ಅಲ್ಲಿ ವಯಸ್ಸಾದ ಮುಸಲ್ಮಾನ ಗೃಹಸ್ಥರೊಬ್ಬರು ಕಡೆಯುವ ಯಂತ್ರದ ಮುಂದೆ ಕುಳಿತಿದ್ದರು. ನೋಡಲು ಬಂದವರೆಂದು ತಿಳಿದ ಕೂಡಲೇ ಒಂದು ಮಣೆಯನ್ನು ನಮ್ಮ ಕಡೆಗೆ ಸರಿಸಿ, "ಕೂತ್ಕೊಳ್ಳಿ ಸ್ವಾಮಿ, ನಿಂತು ನೋಡೋ ಕೆಲಸ ಅಲ್ಲ ಇದು" ಎಂದರು. ಮಧ್ಯಾಹ್ನದವರೆಗೆ ನಾವು ಆ ಮಣೆಯನ್ನು ಬಿಟ್ಟು ಏಳಲಿಲ್ಲ.

ಈ ಕೆಲಸಕ್ಕೆ ಹಿಂದಿನಿಂದಲೂ ಬಳಸುವುದು ಹಾಲೆಯ ಮರ. ಅಲ್ಲಿನವರ ಬಾಯಲ್ಲಿ ಅದು ಆಲೆ ಮರ. ಬೆಳ್ಳಗೆ, ಮೃದುವಾಗಿ, ಉಳಿಗೆ ಒಗ್ಗುವ ಮರವದು. ಕಡಿದ ಮರವನ್ನು ಒಡನೆಯೇ ಕಡೆಯುವಂತಿಲ್ಲ. ತಿಂಗಳುಗಟ್ಟಲೆ ಒಣಗಿಸಿ ಅದರ ಪಸೆಯೆಲ್ಲ ಆರಿದ ಮೇಲೆ ಅಳತೆಗೆ ತುಂಡರಿಸಬೇಕು. ಆತುರಪಟ್ಟು ಹಸಿಯ ಮರವನ್ನು ಕಡೆದರೆ ಬೊಂಬೆಯು ಕೊಂಡವರ ಮನೆಯಲ್ಲಿ ಬಿರುಕುಬಿಡುವುದು. ಅಪಕೀರ್ತಿ ಮಾತ್ರ ಊರಿಗೆ ಬರುವುದು. ಒಣಗಿದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತ, ಬಗೆಬಗೆಯ ಉಳಿಗಳಿಂದ ಅದಕ್ಕೆ ಹೊಟ್ಟೆ ಕತ್ತು ತಲೆಗಳನ್ನು ಕೊಡುತ್ತಾರೆ. ಹಿಂದೆ ಹಗ್ಗವನ್ನೆಳೆದು ತಿರುಗಿಸುತ್ತಿದ್ದ ಯಂತ್ರವು ಈಗ ವಿದ್ಯುಚ್ಛಕ್ತಿಯಿಂದ ತಿರುಗುವುದು ನಿಜ. ಆದರೆ ಉಳಿಯನ್ನು ಎಲ್ಲಿ ಒತ್ತಬೇಕು, ಎಲ್ಲಿ ತಡೆಯಬೇಕೆಂಬುದನ್ನು ಯಾವ ವಿದ್ಯುಚ್ಛಕ್ತಿಯೂ ಹೇಳಿಕೊಡಲಾರದು. ಆ ಗೃಹಸ್ಥರು ಅಳತೆಗೋಲನ್ನು ಅಪರೂಪಕ್ಕೊಮ್ಮೆ ಹಿಡಿದದ್ದನ್ನು ಬಿಟ್ಟರೆ, ಬೆರಳ ತುದಿಯಿಂದಲೇ ಅಳೆಯುತ್ತಿದ್ದರು. ಒಂದೇ ಬಗೆಯ ಹತ್ತು ತುಂಡುಗಳನ್ನು ಕಡೆದು ಸಾಲಾಗಿ ನಿಲ್ಲಿಸಿದಾಗ, ಹತ್ತೂ ಒಂದೇ ತಾಯಿಯ ಮಕ್ಕಳಂತೆ ಕಂಡುವು.

ಪಕ್ಕದ ಯಂತ್ರದಲ್ಲಿ ಹೆಣ್ಣುಮಗಳೊಬ್ಬಳು ಬಣ್ಣವಿಡುತ್ತಿದ್ದಳು. ಈ ಬಣ್ಣವನ್ನು ಕುಂಚದಿಂದ ಬಳಿಯುವುದಲ್ಲ. ಮುತ್ತುಗವೇ ಮೊದಲಾದ ಮರಗಳ ಮೇಲೆ ಬಾಳುವ ಸಣ್ಣ ಕೀಟವು ಕೊಡುವ ಅರಗಿಗೆ ಬಣ್ಣವನ್ನು ಬೆರೆಸಿ, ಕಡ್ಡಿಯಾಗಿ ಮಾಡಿಟ್ಟುಕೊಂಡಿರುತ್ತಾರೆ. ತಿರುಗುತ್ತಿರುವ ಮರಕ್ಕೆ ಈ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಕಾವಿಗೆ ಅರಗು ಕರಗಿ ಮರವನ್ನು ಹಿಡಿಯುವುದು. ಆ ಬಳಿಕ ತಾಳೆಗರಿಯಿಂದ ಒತ್ತಿ ಉಜ್ಜಿದರೆ, ಮುಖ ಕಾಣುವ ಹೊಳಪು ಬರುವುದು. ಕ್ಷಣದ ಹಿಂದೆ ಮಂಕಾಗಿದ್ದ ತುಂಡು ಆ ಹುಲ್ಲಿನಂತಹ ಗರಿಯೊಂದು ತಗುಲಿದೊಡನೆ ಬೆಳಗಿ ನಿಂತುದನ್ನು ಕಂಡು ನಾವು ಬಾಯಿಬಿಟ್ಟು ನೋಡಿದೆವೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಅರಗಿನ ಉತ್ಪತ್ತಿಯಲ್ಲಿ ನಮ್ಮ ದೇಶದ ಪ್ರಾಂತಗಳೊಳಗೆ ಜಾರ್ಖಂಡವೇ ಮೊದಲನೆಯದು. ಆದುದರಿಂದ ಚನ್ನಪಟ್ಟಣದ ಒಂದು ಬುಗುರಿಯು ಆಡುವಾಗ, ಎಲ್ಲಿಯೋ ದೂರದ ಕಾಡಿನಂಚಿನಲ್ಲಿ ಅರಗು ಬಿಡಿಸುವ ಬಡವನ ಒಲೆಯೂ ಉರಿಯುವುದೆಂಬುದನ್ನು ಮರೆಯಬಾರದು.

ಮಾತಿಗೆ ಮಾತು ಬೆಳೆದು, "ಸಾಹೇಬರೇ, ನಿಮ್ಮ ಮಕ್ಕಳಿಗೂ ಈ ವಿದ್ಯೆ ಬಂದಿದೆಯೇ?" ಎಂದು ಕೇಳಿದೆವು. "ಬಂದಿದೆ ಸ್ವಾಮಿ. ಮಗನ ಕೈ ನನಗಿಂತ ಚೆನ್ನಾಗಿದೆ. ಆದರೆ ಅವನು ದಿನಾ ಬೆಂಗಳೂರು ಕಡೆ ಕಾರ್ಖಾನೆಗೆ ಹೋಗ್ತಾನೆ" ಎಂದರು. ಕೂಲಿ ಕಡಿಮೆಯೆಂಬುದೇ ಕಾರಣವೋ ಎಂದು ಕೇಳಿದುದಕ್ಕೆ, ಉಳಿಯನ್ನು ಕೆಳಗಿಟ್ಟು, "ಕೂಲಿ ಹೆಚ್ಚುಕಡಿಮೆ ಇದ್ದದ್ದೇ. ಈ ತಿಂಗಳು ಕೆಲಸ ಇದೆ, ಮುಂದಿನ ತಿಂಗಳು ಇರುತ್ತೋ ಇಲ್ಲವೋ ಗೊತ್ತಿಲ್ಲ. ಅಷ್ಟು ಗೊತ್ತಾದರೆ ಸಾಕು, ಅವನು ಇಲ್ಲೇ ಕೂತ್ಕೋತಾನೆ" ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ, ಯಾಚನೆಯೂ ಇರಲಿಲ್ಲ. ಕೈಗಾರಿಕೆಗಳ ಅವನತಿಯನ್ನು ಕುರಿತ ದೊಡ್ಡ ದೊಡ್ಡ ವರದಿಗಳು ಹೇಳಬೇಕಾದುದನ್ನು ಅವರು ಮೂರು ಮಾತಿನಲ್ಲಿ ಹೇಳಿ ಮುಗಿಸಿದ್ದರು.

ಆಗ ನಮ್ಮ ಜೇಬಿನಲ್ಲಿದ್ದ ಹತ್ತು ರೂಪಾಯಿಯ ನೆನಪಾಯಿತು. ಆ ಹಣವನ್ನು ನಾವು ಯಾರಿಂದ ಉಳಿಸಿದೆವು? ಅಂಗಡಿಯವರಿಗೆ ಬಾಡಿಗೆಯುಂಟು, ದೀಪದ ಖರ್ಚುಂಟು; ಅವರು ಅದನ್ನು ತಮ್ಮ ಲಾಭದಲ್ಲಿಯೇ ಕಳೆದುಕೊಳ್ಳುವರೆಂಬ ನಂಬಿಕೆಯೇನು? ಹತ್ತು ಮಂದಿ ಹೀಗೆ ಹತ್ತು ಹತ್ತು ರೂಪಾಯಿಗಳನ್ನು ಮುರಿದರೆ, ಕಟ್ಟಕಡೆಗೆ ಅದು ಮುರಿಯುವುದು ಉಳಿ ಹಿಡಿದವನ ಕೂಲಿಯಲ್ಲಿಯೇ. ಸಂಜೆ ನಿಲ್ದಾಣಕ್ಕೆ ಹಿಂದಿರುಗುವ ಮುನ್ನ ಅದೇ ಅಂಗಡಿಗೆ ಹೋಗಿ, ಸಂಕೋಚದಿಂದ ಹತ್ತು ರೂಪಾಯಿಯನ್ನು ಮುಂದಿಟ್ಟೆವು. ಅಂಗಡಿಯವರು ನಕ್ಕು, "ಇದು ಬೇಡ ಸ್ವಾಮಿ, ಇನ್ನೊಂದು ಬುಗುರಿ ತಗೊಳ್ಳಿ" ಎಂದರು. ತೆಗೆದುಕೊಂಡೆವು, ಈ ಸಲ ಹೇಳಿದ ಬೆಲೆಯನ್ನೇ ಕೊಟ್ಟೆವು. ಕುಶಲಕರ್ಮಿಗೂ ಅವನ ವರ್ತಕನಿಗೂ ಬೇಕಾದುದು ನಮ್ಮ ಮರುಕವಲ್ಲ, ಮರಳಿ ಬರುವ ಗಿರಾಕಿ ಎಂಬ ಪಾಠವನ್ನು ಆ ನಗುವು ನಮಗೆ ಕಲಿಸಿತು.

ನಮ್ಮ ನಾಡಿನ ಕೈಗೆಲಸಗಳ ದೊಡ್ಡ ಶತ್ರುವು ಪರದೇಶದ ಸರಕೆಂದು ನಾವು ಬಹುಕಾಲ ನಂಬಿದ್ದೆವು. ಅದು ಶತ್ರುವಲ್ಲವೆಂದು ಈಗಲೂ ಹೇಳುವುದಿಲ್ಲ. ಆದರೆ ಅದಕ್ಕೆ ಬಾಗಿಲು ತೆರೆದು ಕೊಡುವುದು ನಮ್ಮ ಆತುರ. ಒಂದು ವಸ್ತುವು ಹೇಗೆ ಹುಟ್ಟಿತೆಂಬುದನ್ನು ನೋಡುವಷ್ಟು ಹೊತ್ತು ನಿಲ್ಲದವನಿಗೆ, ಅಚ್ಚಿನಲ್ಲಿ ಹೊಯ್ದು ತೆಗೆದ ಪ್ಲಾಸ್ಟಿಕ್ಕಿನ ಬೊಂಬೆಗೂ, ತಿಂಗಳುಗಟ್ಟಲೆ ಒಣಗಿದ ಮರವನ್ನು ಕಡೆದು ಅರಗಿಟ್ಟ ಬೊಂಬೆಗೂ ವ್ಯತ್ಯಾಸವು ಬೆಲೆಯಲ್ಲಿ ಮಾತ್ರ ಕಾಣುವುದು ಸಹಜ. ತಿಳಿಯದವನಿಗೆ ಬೆಲೆಯೊಂದೇ ಕಾಣುವುದು. ತಿಳಿದವನಿಗೆ ಯೋಗ್ಯತೆಯೂ ಕಾಣುವುದು. ಆ ತಿಳಿವು ಕೊಂಚ ಹೊತ್ತು ಕುಳಿತಲ್ಲದೆ ಬರುವುದಿಲ್ಲ.

ಈ ಆತುರಕ್ಕೆ ಈಗ ಒಂದು ರಾಜಮಾರ್ಗವೇ ನಿರ್ಮಾಣವಾಗಿದೆ. 2023ನೆಯ ಮಾರ್ಚ್ 12ರಂದು ಪ್ರಧಾನಮಂತ್ರಿಗಳು ಉದ್ಘಾಟಿಸಿದ ಬೆಂಗಳೂರು-ಮೈಸೂರು ದಶಪಥವು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬದಿಗಿಟ್ಟು ಸಾಗುತ್ತದೆ. ಹಿಂದೆ ಮೂರು ಗಂಟೆ ಹಿಡಿಯುತ್ತಿದ್ದ ಪ್ರಯಾಣವು ಈಗ ಒಂದೂವರೆ ಗಂಟೆಯೊಳಗೆ ಮುಗಿಯುವುದುಂಟು. ಈ ಸೌಕರ್ಯವನ್ನು ನಾವು ಹಳಿಯುವುದಿಲ್ಲ. ರೋಗಿಗೂ ರೈತನಿಗೂ ವರ್ತಕನಿಗೂ ಒಳ್ಳೆಯ ರಸ್ತೆ ಬೇಕು. ಆದರೆ ರಸ್ತೆಯು ಊರನ್ನು ಬಿಟ್ಟು ಹೋದಾಗ ಊರಿನ ವ್ಯಾಪಾರವೂ ರಸ್ತೆಯೊಡನೆ ಹೋಯಿತೆಂಬುದು ಹಳೆಯ ಹೆದ್ದಾರಿಯ ಬೊಂಬೆಯಂಗಡಿಗಳವರಿಗೂ, ಮದ್ದೂರಿನ ವಡೆಯ ಹೋಟೆಲುಗಳವರಿಗೂ ಅನುಭವವೇದ್ಯವಾದ ಸಂಗತಿ. ಹಿಂದೆ ಕಾಫಿಗೆಂದು ಇಳಿದವನು ಮಗುವಿಗೆ ಒಂದು ಬೊಂಬೆಯನ್ನು ಕೊಂಡು ಹೋಗುತ್ತಿದ್ದನು. ಈಗ ಇಳಿಯುವವನೇ ಇಲ್ಲ. ಒಂದು ಗಂಟೆ ಉಳಿಸಿದ ನಾವು, ಉಳಿದ ಆ ಗಂಟೆಯನ್ನು ಏನು ಮಾಡಿದೆವೆಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಡವೇ?

ಈ ಕಸಬಿನ ಹಿಂದಿರುವ ಚರಿತ್ರೆಯೂ ಅಲ್ಪವಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಿಗಳಿಂದ ಇದು ಇಲ್ಲಿ ಬೇರೂರಿತೆಂಬುದು ಊರಿನ ಐತಿಹ್ಯ. ಇಪ್ಪತ್ತನೆಯ ಶತಮಾನದಲ್ಲಿ ಬವಾಸ್ ಮಿಯಾನ್ ಎಂಬವರು ಜಪಾನಿನ ಬೊಂಬೆಗೆಲಸದ ರೀತಿಯನ್ನು ಅರಿತು, ಇಲ್ಲಿಯ ಕೆಲಸವನ್ನು ತಿದ್ದಿದರೆಂದು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಹೊರಗಿನ ವಿದ್ಯೆಯನ್ನು ಕಲಿತು ತನ್ನದನ್ನಾಗಿ ಮಾಡಿಕೊಳ್ಳುವುದು ಸ್ವದೇಶೀ ತತ್ತ್ವಕ್ಕೆ ವಿರುದ್ಧವಲ್ಲ. ಹೊರಗಿನ ಸರಕನ್ನು ತಂದು ತನ್ನ ವಿದ್ಯೆಯನ್ನು ಮರೆಯುವುದು ಮಾತ್ರ ವಿರುದ್ಧ. ಇನ್ನೊಂದು ಮಾತು. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಬೊಂಬೆಗಳನ್ನು ಮೆಟ್ಟಿಲುಗಳ ಮೇಲೆ ಕೂರಿಸುವ ಪದ್ಧತಿಯುಂಟಷ್ಟೆ. ಪಟ್ಟದ ಬೊಂಬೆಗಳ ಪಾದದ ಬಳಿ ಸಾಲಾಗಿ ನಿಲ್ಲುವ ಚನ್ನಪಟ್ಟಣದ ಪುಟ್ಟ ಬೊಂಬೆಗಳಲ್ಲಿ ಎಷ್ಟೋ ಬೊಂಬೆಗಳನ್ನು ಕಡೆದವರು ಮುಸಲ್ಮಾನ ಕುಶಲಿಗಳು. ದೇವಿಯ ಮುಂದಿನ ಆ ಮೆಟ್ಟಿಲಿನ ಮೇಲೆ ಯಾರೂ ಯಾರ ಜಾತಿಯನ್ನೂ ಕೇಳಿದುದಿಲ್ಲ. ನಾಡಿನ ಐಕಮತ್ಯವನ್ನು ಕುರಿತು ಭಾಷಣ ಮಾಡುವವರು ಈ ಒಂದು ಮೆಟ್ಟಿಲನ್ನು ನೋಡಿದರೆ ಸಾಕು.

1905ನೆಯ ಆಗಸ್ಟ್ 7ರಂದು ಕಲ್ಕತ್ತೆಯ ಪುರಭವನದಲ್ಲಿ ಪರದೇಶೀ ಸರಕಿನ ಬಹಿಷ್ಕಾರದ ನಿರ್ಣಯವಾದಂದಿನಿಂದ, 1934ರಲ್ಲಿ ಗಾಂಧೀಜಿಯವರು ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿದಂದಿನವರೆಗೂ, ನಮ್ಮ ಹಿರಿಯರು ಪದೇ ಪದೇ ಹೇಳಿದುದು ಒಂದೇ: ಕೊಳ್ಳುವವನ ಕೈಯಲ್ಲಿ ದೇಶದ ಭಾಗ್ಯವುಂಟು. ಸ್ವಾತಂತ್ರ್ಯಾನಂತರ 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿ, ಊರೂರು ಅಲೆದು, ನಶಿಸುತ್ತಿದ್ದ ಕಸಬುಗಳನ್ನು ಎತ್ತಿ ನಿಲ್ಲಿಸಿದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು. 2022ರ ಗಣರಾಜ್ಯೋತ್ಸವದಲ್ಲಿ ದೆಹಲಿಯ ರಾಜಪಥದ ಮೇಲೆ ಕರ್ನಾಟಕದ ಕರಕುಶಲ ಕಲೆಗಳ ಸ್ತಬ್ಧಚಿತ್ರವು ಸಾಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಸ್ತಬ್ಧಚಿತ್ರವು ವರ್ಷಕ್ಕೊಂದು ದಿನದ ಮೆರವಣಿಗೆ; ಕುಶಲಕರ್ಮಿಗೆ ಹಸಿವಾಗುವುದು ಪ್ರತಿದಿನ.

ಸರ್ಕಾರದವರು ಏನನ್ನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 2005-06ನೆಯ ಸಾಲಿನಲ್ಲಿ ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚಕದ ರಕ್ಷಣೆ ದೊರೆಯಿತು. 2020ರಲ್ಲಿ ಪರದೇಶದ ಆಟಿಕೆಗಳ ಮೇಲಿನ ಸುಂಕವನ್ನು ಶೇಕಡಾ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಲಾಯಿತು. 2021ನೆಯ ಜನವರಿ 1ರಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆಯನ್ನು ಕಡ್ಡಾಯಪಡಿಸಿದಾಗ, ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕವುಳ್ಳ ಆಟಿಕೆಗಳಿಗೂ ವಿನಾಯಿತಿಯನ್ನಿತ್ತುದು ವಿವೇಕದ ಕಾರ್ಯ. 2023ನೆಯ ಸೆಪ್ಟೆಂಬರ್ 17ರಂದು ಆರಂಭವಾದ ವಿಶ್ವಕರ್ಮ ಯೋಜನೆಯ 18 ಕಸಬುಗಳಲ್ಲಿ ಬೊಂಬೆಗೆಲಸವೂ ಸೇರಿದೆ. ಅದರಡಿಯಲ್ಲಿ ಎರಡು ಕಂತುಗಳಲ್ಲಿ 3 ಲಕ್ಷ ರೂಪಾಯಿಗಳವರೆಗೆ ಶೇಕಡಾ 5ರ ಬಡ್ಡಿಗೆ ಸಾಲ ಕೊಡುವ ಏರ್ಪಾಡಾಗಿದೆ. ಇವೆಲ್ಲವೂ ಶ್ಲಾಘ್ಯವೇ. ಆದರೆ ನಾವು ಮಣೆಯ ಮೇಲೆ ಕುಳಿತು ಕೇಳಿದ ಮಾತಿಗೆ ಇವುಗಳಲ್ಲಿ ಉತ್ತರವಿಲ್ಲ. ಸುಂಕವು ಪರರ ಸರಕನ್ನು ತಡೆಯಬಲ್ಲದು, ನಮ್ಮ ಸರಕನ್ನು ಕೊಳ್ಳಲಾರದು. ಸಾಲವು ಯಂತ್ರವನ್ನು ತರಬಲ್ಲದು, ಗಿರಾಕಿಯನ್ನು ತರಲಾರದು. ಮುಂದಿನ ತಿಂಗಳು ಕೆಲಸವುಂಟೋ ಇಲ್ಲವೋ ಎಂಬ ಪ್ರಶ್ನೆಯು ಹಾಗೆಯೇ ಉಳಿದಿದೆ.

ಆದುದರಿಂದ ಅಧಿಕಾರಿವರ್ಗದವರ ಮುಂದೆ ನಾವು ಮೂರು ಸೂಚನೆಗಳನ್ನು ಇಡುತ್ತೇವೆ.

ಮೊದಲನೆಯದು ಮಾರುಕಟ್ಟೆಯ ವಿಷಯ. ಚನ್ನಪಟ್ಟಣಕ್ಕೆ ಹತ್ತಿರದಲ್ಲೇ ಇರುವ ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯು ಏಷ್ಯಾ ಖಂಡದಲ್ಲಿಯೇ ಹೆಸರಾದುದು. ಅಲ್ಲಿ ಗೂಡು ಬೆಳೆದ ರೈತನೂ ನೂಲು ಬಿಚ್ಚುವವನೂ ಒಂದೇ ಸೂರಿನಡಿಯಲ್ಲಿ ಸೇರಿ ಬೆಲೆಯನ್ನು ಗೊತ್ತುಮಾಡಿಕೊಳ್ಳುತ್ತಾರೆ. ಗೂಡಿಗೆ ಸಲ್ಲುವ ನ್ಯಾಯವು ಬೊಂಬೆಗೆ ಏಕೆ ಸಲ್ಲಬಾರದು? ವಾರಕ್ಕೊಂದು ನಿಶ್ಚಿತ ದಿನದಂದು, ನೆರಳೂ ನೀರೂ ಕೂರಲು ಜಗುಲಿಯೂ ಇರುವ ಒಂದು ಬಯಲಿನಲ್ಲಿ, ಕಡೆಯುವವರೇ ತಮ್ಮ ಯಂತ್ರಗಳೊಡನೆ ಬಂದು, ಜನರ ಮುಂದೆ ಕೆಲಸ ಮಾಡುತ್ತ ಮಾರುವ ಸಂತೆಯೊಂದನ್ನು ಏರ್ಪಡಿಸಬೇಕು. ಅದಕ್ಕೆ ದಶಪಥದಿಂದ ಇಳಿಯುವ ದಾರಿಯು ದೂರದಿಂದಲೇ ಕಾಣುವಂತೆ ಫಲಕಗಳಿರಬೇಕು. 2022ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಿತವಾದ ಒಂದು ನಿಲ್ದಾಣ ಒಂದು ಉತ್ಪನ್ನದ ಯೋಜನೆಯಿಂದ ರೈಲು ನಿಲ್ದಾಣಗಳಲ್ಲಿ ಮಳಿಗೆಗಳಾಗಿರುವುದು ಸಂತೋಷದ ವಿಷಯ. ಆದರೆ ನಿಲ್ದಾಣದಲ್ಲಿ ನಿಂತವನು ಗಾಡಿಯ ಗಡಿಯಾರವನ್ನೇ ನೋಡುತ್ತಿರುವನು. ಸಂತೆಗೆ ಬಂದವನಾದರೋ ಕಾಲ ಕಳೆಯುವುದಕ್ಕೆಂದೇ ಬಂದಿರುವನು.

ಎರಡನೆಯದು ಸಾರ್ವಜನಿಕ ಖರೀದಿಯ ವಿಷಯ. ಪ್ರತಿ ಹಳ್ಳಿಯಲ್ಲಿಯೂ ಅಂಗನವಾಡಿಯುಂಟು, ಅಲ್ಲಿ ಆಟವಾಡುತ್ತಲೇ ಎಣಿಕೆಯನ್ನೂ ಬಣ್ಣಗಳನ್ನೂ ಕಲಿಯಬೇಕಾದ ಮಕ್ಕಳುಂಟು. ಅವರ ಆಟಿಕೆಗಳಲ್ಲಿ ಒಂದು ಪಾಲನ್ನಾದರೂ ಮುಂಗಡವಾಗಿ, ತಿಂಗಳು ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿ, ಕುಶಲಕರ್ಮಿಗಳ ಸಂಘಗಳಿಂದಲೇ ಕೊಂಡರೆ, ಆ ವೃದ್ಧರು ಕೇಳಿದ ಭರವಸೆಯು ಅವರ ಮಗನಿಗೆ ದೊರೆತೀತು. ಇದರಲ್ಲಿ ದಾನವೇನೂ ಇಲ್ಲ. ಹಣಕ್ಕೆ ತಕ್ಕ ಸರಕು ಬರುವುದು, ಸರಕಿಗೆ ತಕ್ಕ ಬಾಳಿಕೆ ಇರುವುದು. ಒಂದೇ ಎಚ್ಚರಿಕೆ: ಹಣವು ಕಡತದಲ್ಲಿ ನಿದ್ರಿಸದೆ ಸಕಾಲಕ್ಕೆ ಕೈಸೇರಬೇಕು. ಆರು ತಿಂಗಳು ತಡೆದು ಕೊಟ್ಟ ಬೆಲೆಯು ಅರ್ಧ ಬೆಲೆಗೆ ಸಮಾನ.

ಮೂರನೆಯದು ಮರದ ವಿಷಯ. ಹಾಲೆಯ ಮರವನ್ನು ಕಡಿಯುವವರುಂಟು, ನೆಡುವವರು ಬೇಕು. ಅರಣ್ಯ ಇಲಾಖೆಯವರು ರಸ್ತೆಯ ಬದಿಗಳಲ್ಲಿಯೂ ಕೆರೆಯಂಗಳದ ದಡಗಳಲ್ಲಿಯೂ, ರೈತರು ಬದುಗಳ ಮೇಲೆಯೂ ಇದನ್ನು ಬೆಳೆಸಿ ನ್ಯಾಯವಾದ ಬೆಲೆಗೆ ಒದಗಿಸುವ ಕ್ರಮವಾಗದಿದ್ದರೆ, ಮುಂದೊಂದು ದಿನ ಕೈಯಿದ್ದೂ ಕಸಬಿದ್ದೂ ಮರವಿಲ್ಲದೆ ಉಳಿಯು ಸುಮ್ಮನೆ ಕೂರಬೇಕಾದೀತು.

ಅಧಿಕಾರಿಗಳಿಗೆ ಹೇಳಿದಷ್ಟೇ ನೇರವಾಗಿ ವರ್ತಕರಿಗೂ ಹೇಳಬೇಕಾಗಿದೆ. ಅರಗಿನ ಬೊಂಬೆಗಳ ಪಕ್ಕದಲ್ಲಿಯೇ ಎಲ್ಲಿಂದಲೋ ಬಂದ ಪ್ಲಾಸ್ಟಿಕ್ಕಿನ ಬೊಂಬೆಗಳು ನೇತಾಡುತ್ತಿದ್ದುದನ್ನು ನಾವು ಕೆಲವು ಅಂಗಡಿಗಳಲ್ಲಿ ಕಂಡೆವು. ಹೊಟ್ಟೆಪಾಡಿಗಾಗಿ ಎರಡನ್ನೂ ಮಾರುವವರನ್ನು ನಾವು ದೂಷಿಸಲಾರೆವು. ಆದರೆ ಯಾವುದು ಊರಿನದು, ಯಾವುದು ಹೊರಗಿನದು ಎಂಬುದು ಕೊಳ್ಳುವವನಿಗೆ ಕೇಳದೆಯೇ ತಿಳಿಯುವಂತಿರಬೇಕು. ಭೌಗೋಳಿಕ ಸೂಚಕದ ಮುದ್ರೆಯು ಇರುವುದೇ ಅದಕ್ಕಾಗಿ. ಒಂದು ಸಲ ಮೋಸಹೋದ ಗಿರಾಕಿಯು ಆ ಅಂಗಡಿಯನ್ನಷ್ಟೇ ಅಲ್ಲ, ಊರನ್ನೇ ಬಿಟ್ಟು ಹೋಗುತ್ತಾನೆ. ಕುಶಲಕರ್ಮಿಗಳೂ ಅಜ್ಜನು ಮಾಡಿದ ಆಕಾರಗಳಿಗೇ ಅಂಟಿಕೊಳ್ಳದೆ, ಇಂದಿನ ಮಕ್ಕಳ ಮನಸ್ಸನ್ನರಿತು ಹೊಸ ಆಟಗಳನ್ನು ಕಟ್ಟಬೇಕು. ಬವಾಸ್ ಮಿಯಾನರ ಹೆಸರನ್ನು ಹೇಳುವವರಿಗೆ ಇದು ಹೊಸ ಮಾತಾಗಲಾರದು.

"ಪ್ಲಾಸ್ಟಿಕ್ಕಿನ ಬೊಂಬೆ ಅಗ್ಗ, ಬಡವನ ಮಗುವಿಗೆ ಆಟ ಬೇಡವೇ?" ಎಂದು ಕೇಳುವವರುಂಟು. ಬೇಕು, ನಿಶ್ಚಯವಾಗಿಯೂ ಬೇಕು. ದಿನಗೂಲಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಉಳಿಸಿ ಮಗುವಿಗೆ ಆಟಿಕೆಯನ್ನು ಒಯ್ಯುವ ತಂದೆಗೆ ಸ್ವದೇಶಿಯ ಉಪದೇಶವನ್ನು ಮಾಡುವಷ್ಟು ಕಠಿನಹೃದಯರು ನಾವಲ್ಲ. ನಮ್ಮ ಮಾತು ತಿಂಗಳ ಮೊದಲ ದಿನ ಸಂಬಳ ಬರುವವರಿಗೆ, ಮನೆಯ ಮಗುವಿನ ಹುಟ್ಟುಹಬ್ಬಕ್ಕೆ ಸಾವಿರಾರು ರೂಪಾಯಿಗಳನ್ನು ವೆಚ್ಚಮಾಡುವವರಿಗೆ, ಸಂಘಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ ಯಾರಿಗೂ ಬೇಡವಾದ ಗಾಜಿನ ಫಲಕಗಳನ್ನು ಸ್ಮರಣಿಕೆಯೆಂದು ಹಂಚುವವರಿಗೆ. ಇವರು ಕೊಳ್ಳಬಲ್ಲರು, ಕೊಳ್ಳದಿರುವುದಕ್ಕೆ ಇವರಿಗಿರುವ ಕಾರಣವು ಬಡತನವಲ್ಲ, ಅಲಕ್ಷ್ಯ. ಈ ಗುಂಪಿನಲ್ಲಿ ಬೆಳಗಿನ ಹತ್ತು ರೂಪಾಯಿಯ ಮಟ್ಟಿಗೆ ನಾವೂ ಸೇರಿದ್ದೆವೆಂಬುದನ್ನು ಆಗಲೇ ನಿವೇದಿಸಿಕೊಂಡಿದ್ದೇವೆ.

ವಾಚಕ ಮಹಾಶಯರಲ್ಲಿ ನಮ್ಮ ಪ್ರಾರ್ಥನೆಯು ದೊಡ್ಡದಲ್ಲ. ವರ್ಷದಲ್ಲಿ ಒಂದು ಹಗಲನ್ನು ಕೊಡಿರಿ. ಚನ್ನಪಟ್ಟಣಕ್ಕೇ ಹೋಗಬೇಕೆಂದಿಲ್ಲ. ಬೀದರಿನವರಿಗೆ ಬಿದರಿಯ ಕೆಲಸಗಾರರ ಬೀದಿಯುಂಟು, ಕೊಪ್ಪಳದವರಿಗೆ ಕಿನ್ನಾಳವುಂಟು, ಬಾಗಲಕೋಟೆಯವರಿಗೆ ಇಳಕಲ್ಲು, ಗುಳೇದಗುಡ್ಡಗಳ ಮಗ್ಗಗಳುಂಟು. ನಿಮ್ಮ ಊರಿನ ಕುಂಬಾರನ ತಿಗುರಿಯೂ ಸಾಕು. ಕೈಗಡಿಯಾರವನ್ನು ಮನೆಯಲ್ಲಿ ಬಿಟ್ಟು, ಮಕ್ಕಳನ್ನು ಕೈಹಿಡಿದುಕೊಂಡು ಹೋಗಿರಿ. ಮೊದಲು ಕೆಲಸದ ಬಳಿ ಕುಳಿತು ನೋಡಿರಿ, ಆಮೇಲೆ ಅಂಗಡಿಗೆ ಹೋಗಿರಿ. ನಾವು ಮಾಡಿದ ತಪ್ಪೆಂದರೆ ಮೊದಲು ಅಂಗಡಿಗೆ ಹೋದುದು. ಕೆಲಸವನ್ನು ಕಂಡ ಕಣ್ಣು ಬೆಲೆಯನ್ನು ಮುರಿಯಗೊಡದೆಂಬುದು ನಮ್ಮ ಸ್ವಾನುಭವ. ಮತ್ತೊಂದು ವರ್ಷ ಅದೇ ಕೈಯನ್ನು ಹುಡುಕಿಕೊಂಡು ಹೋಗಿರಿ. ಹಾಗೆ ಮರಳಿ ಬರುವ ನೂರು ಮಂದಿಯಿದ್ದರೆ, ಒಬ್ಬನ ಮಗನು ಊರಿನಲ್ಲಿಯೇ ಉಳಿದಾನು.

ಅಂದು ಕೊಂಡು ತಂದ ಬುಗುರಿಗಳಲ್ಲಿ ಒಂದು ನಮ್ಮ ಮೇಜಿನ ಮೇಲಿದೆ. ಈ ಸಾಲುಗಳನ್ನು ಬರೆಯುವಾಗ ನಡುನಡುವೆ ಅದನ್ನು ತಿರುಗಿಸುತ್ತಿದ್ದೇವೆ. ಒಮ್ಮೆ ಬೆರಳಾಡಿಸಿದರೆ ಬಹಳ ಹೊತ್ತು ನೆಟ್ಟಗೆ ನಿಂತು ಆಡುತ್ತದೆ. ಆಡಿ ಆಡಿ ಸೋತು ಒರಗಿದಾಗ, ಮತ್ತೊಮ್ಮೆ ಬೆರಳನ್ನು ಕೇಳುತ್ತದೆ. ಅದು ಒರಗುವುದಕ್ಕೆ ಮುಂಚೆಯೇ ಬೆರಳು ಕೊಡುವುದು ನಮ್ಮ ನಿಮ್ಮೆಲ್ಲರ ಪಾಲಿನ ಕರ್ತವ್ಯ.